ಜಗಜಟ್ಟಿ ಎನಿಸಿಕೊಳ್ಳುವುದು

ಗರಡಿ ಎಂಬ ಮಾತಿಗೆ ಕನ್ನಡನಾಡಿನಲ್ಲಿ ಎರಡು ಅರ್ಥಗಳು ರೂಢಿಯಲ್ಲಿವೆ. ಮೈಸೂರು ಸೀಮೆಯವರಿಗೆ ಗರಡಿಯೆಂದರೆ ಕೆಮ್ಮಣ್ಣಿನ ಮಟ್ಟಿ, ಗೋಡೆಗೆ ಒರಗಿಸಿಟ್ಟ ಗದೆ, ಮೂಲೆಯಲ್ಲೊಂದು ಹನುಮಂತನ ಪಟ, ಮೈಗೆ ಎಣ್ಣೆ ಹಚ್ಚಿಕೊಂಡು ಸಾಮು ಮಾಡುವ ಹುಡುಗರು. ಉಡುಪಿಯ ಬನ್ನಂಜೆಯವನಾದ ನನಗೆ ಗರಡಿಯೆಂದೊಡನೆ ನೆನಪಾಗುವುದು ಕೋಟಿ ಚೆನ್ನಯರ ಗುಡಿ. ನಮ್ಮ ಬನ್ನಂಜೆಯಲ್ಲಿಯೂ ಅಂಥದೊಂದು ಗರಡಿಯಿದೆ. ತುಳುನಾಡಿನಲ್ಲಿ ಇಂಥ ಗರಡಿಗಳು ಅರುವತ್ತಾರು ಎಂಬುದು ಪರಂಪರೆಯ ಲೆಕ್ಕ. ಪಾಡ್ದನಗಳು ಹೇಳುವಂತೆ ಆ ಅವಳಿ ವೀರರು ಗರಡಿಯಲ್ಲಿ ಪಳಗಿದವರು, ಎಣ್ಮೂರಿನ ಯುದ್ಧದಲ್ಲಿ ಮಡಿದವರು. ಅವರು ಪಳಗಿದ ಜಾಗದ ಹೆಸರೇ ಅವರನ್ನು ಪೂಜಿಸುವ ಜಾಗಕ್ಕೂ ಉಳಿಯಿತು. ವ್ಯಾಯಾಮಶಾಲೆಯೊಂದು ದೇವಸ್ಥಾನವಾದ ಈ ಸಂಗತಿ ಬಹಳ ಅರ್ಥವತ್ತಾದದ್ದು. ಬಲಿಷ್ಠನಾದ ಮನುಷ್ಯನೊಬ್ಬನನ್ನು ಜನ ತಮ್ಮ ಮನಸ್ಸಿನಲ್ಲಿ ಎಲ್ಲಿಯವರೆಗೆ ಎತ್ತಬಲ್ಲರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಂದು ನಾನು ಹೇಳಹೊರಟಿರುವುದು ದೈವತ್ವಕ್ಕೇರಿದ ವೀರರ ಮಾತಲ್ಲ. ಅನ್ನಕ್ಕಾಗಿ ಕುಸ್ತಿ ಮಾಡಿದ ಪೈಲ್ವಾನರ ಮಾತು. ಹತ್ತು ಜನ ಜಟ್ಟಿಗಳಲ್ಲಿ ಒಬ್ಬ ಮಾತ್ರ ಜಗಜಟ್ಟಿಯಾಗುತ್ತಾನೆ. ಉಳಿದವರ ತೋಳುಗಳೂ ಅಷ್ಟೇ ದಪ್ಪ, ಅವರು ಕಲಿತ ಪಟ್ಟುಗಳೂ ಅಷ್ಟೇ. ಆದರೆ ಊರಿನ ಬಾಯಲ್ಲಿ ಉಳಿಯುವುದು ಒಂದೇ ಹೆಸರು. ಹೀಗೇಕೆ? ಗೆಲುವೇ ಕಾರಣವೆಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ನಮ್ಮ ಗಾದೆಗಳು ಬೇರೆಯೇ ಮಾತು ಹೇಳುತ್ತವೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಒಂದು ಗಾದೆ. ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು ಎಂದು ಇನ್ನೊಂದು. ಎರಡರಲ್ಲಿಯೂ ಹಾಸ್ಯವಿದೆ, ನಿಜ. ಆದರೆ ಹಾಸ್ಯದ ಕೆಳಗೆ ಒಂದು ತಿಳಿವಳಿಕೆಯೂ ಇದೆ. ಒಮ್ಮೆ ಜಟ್ಟಿಯೆನಿಸಿಕೊಂಡವನು ಬಿದ್ದರೂ ಜನ ಅವನನ್ನು ಬೀಳಗೊಡುವುದಿಲ್ಲ. ಹಾಗಾದರೆ ಆ ಕೀರ್ತಿ ಗೆಲುವು ಸೋಲುಗಳಿಂದ ಬೇರೆಯಾದ ಯಾವುದೋ ನೆಲೆಯಲ್ಲಿ ನಿಂತಿರಬೇಕು. ಆ ನೆಲೆ ಯಾವುದೆಂದು ಚರಿತ್ರೆಯಲ್ಲಿ ಹುಡುಕುವುದು ಈ ಭಾಷಣದ ಉದ್ದೇಶ.

ಈ ವಿಚಾರವನ್ನು ಶಾಸ್ತ್ರೀಯವಾಗಿ ಎತ್ತಿಕೊಂಡ ಮೊದಲಿಗರಲ್ಲಿ ಒಬ್ಬ ಕನ್ನಡನಾಡಿನ ಚಕ್ರವರ್ತಿ ಎಂಬುದು ನಮಗೆ ಹೆಮ್ಮೆಯ ಸಂಗತಿ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದವನು. ಅವನ ಬಿರುದು ಭೂಲೋಕಮಲ್ಲ. ಅವನ ತಂದೆ ಆರನೆಯ ವಿಕ್ರಮಾದಿತ್ಯ ತ್ರಿಭುವನಮಲ್ಲ, ಅಜ್ಜ ಒಂದನೆಯ ಸೋಮೇಶ್ವರ ಆಹವಮಲ್ಲ. ಮೂರು ತಲೆಮಾರಿನ ಚಕ್ರವರ್ತಿಗಳು ತಮ್ಮನ್ನು ಜಟ್ಟಿಗಳೆಂದು ಕರೆದುಕೊಂಡರು. ಅಷ್ಟರಮಟ್ಟಿಗೆ ಕುಸ್ತಿಯ ಮಾತು ರಾಜಕೀಯದ ಮಾತೂ ಆಗಿತ್ತು. ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳನ್ನು ಹೇಳುವ ಭಾಗದೊಳಗೆ ಮಲ್ಲವಿನೋದವೆಂಬ ಅಧ್ಯಾಯವಿದೆ. ಅದರಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗನುಸಾರವಾಗಿ ವಿಂಗಡಿಸಿದ್ದಾನೆ. ಶ್ರೇಷ್ಠ ವರ್ಗದವರಿಗೆ ಜ್ಯೇಷ್ಠಿಕರೆಂದು ಹೆಸರು. ನಮ್ಮ ಜಟ್ಟಿ ಎಂಬ ಶಬ್ದವನ್ನು ಜ್ಯೇಷ್ಠ ಶಬ್ದದ ತದ್ಭವವೆಂದು ಹೇಳುವುದುಂಟು. ಮಲ್ಲರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಉತ್ತಮವಾದ ಭಕ್ಷ್ಯಗಳನ್ನು ಒದಗಿಸುವ ಹೊಣೆ ಅರಸನದು. ಅವರು ಅಂತಃಪುರದ ಸ್ತ್ರೀಯರಿಂದ ದೂರವಿದ್ದು ದೇಹಸಾಧನೆಯಲ್ಲಿಯೇ ಮನಸ್ಸಿಡಬೇಕು. ಮಾಡಬೇಕಾದ ವ್ಯಾಯಾಮಗಳ ಹೆಸರೂ ಹಿಡಿಯಬೇಕಾದ ಪಟ್ಟುಗಳ ಹೆಸರೂ ಅಲ್ಲಿವೆ.

ಭೂಲೋಕಮಲ್ಲನ ದೃಷ್ಟಿಯಲ್ಲಿ ಮಲ್ಲನನ್ನು ಮಾಡುವವನು ಅರಸ. ಆಯ್ಕೆ ಅವನದು, ಅನ್ನ ಅವನದು, ತೀರ್ಪು ಅವನದು, ಕೊನೆಗೆ ವಿನೋದವೂ ಅವನದೇ. ಇದು ಕುದುರೆಲಾಯವನ್ನು ನಡೆಸುವಷ್ಟೇ ಅಚ್ಚುಕಟ್ಟಾದ ವ್ಯವಸ್ಥೆ. ಒಳ್ಳೆಯ ಮಲ್ಲರನ್ನು ಸಿದ್ಧಪಡಿಸಲು ಇದು ಸಾಕು. ಆದರೆ ಜಗಜಟ್ಟಿಯೊಬ್ಬ ಹುಟ್ಟುವುದಕ್ಕೆ ಇಷ್ಟು ಸಾಲದೆಂದು ನನಗನಿಸುತ್ತದೆ. ಲಾಯದಲ್ಲಿ ಉತ್ತಮವಾದ ಕುದುರೆಗಳಿರುತ್ತವೆ. ಚೇತಕನಂಥ ಕುದುರೆಗೆ ಹೆಸರು ಬರುವುದು ಲಾಯದ ಹೊರಗೆ, ಕಥೆಯೊಂದು ನಡೆದಾಗ.

ಕಲ್ಯಾಣದಿಂದ ವಿಜಯನಗರಕ್ಕೆ ಬರೋಣ. 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ಉತ್ಸವವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಅಲ್ಲಿಯ ಮಲ್ಲರು ಹಲ್ಲುದುರುವಂತೆ, ಕಣ್ಣು ಹೋಗುವಂತೆ, ಮುಖ ಗುರುತು ಸಿಗದಂತೆ ಹೊಡೆದಾಡುತ್ತಿದ್ದುದನ್ನೂ ಮಾತಿಲ್ಲದೆ ಬಿದ್ದವನನ್ನು ಗೆಳೆಯರು ಹೊತ್ತುಕೊಂಡು ಹೋಗುತ್ತಿದ್ದುದನ್ನೂ ಆತ ವಿವರಿಸುತ್ತಾನೆ. ಆದರೆ ನನ್ನ ಗಮನವನ್ನು ಸೆಳೆದದ್ದು ಇನ್ನೊಂದು ವಿವರ. ಈ ಮಲ್ಲರಿಗೆ ನಾಯಕರೂ ನ್ಯಾಯದರ್ಶಿಗಳೂ ಇದ್ದರು. ಹೋರುವ ಇಬ್ಬರನ್ನೂ ಸಮನಾದ ನೆಲೆಯಲ್ಲಿ ನಿಲ್ಲಿಸುವುದು, ಗೆದ್ದವನಿಗೆ ಸಲ್ಲಬೇಕಾದ ಮರ್ಯಾದೆಯನ್ನು ನಿರ್ಣಯಿಸುವುದು ಅವರ ಕೆಲಸವಾಗಿತ್ತು. ಸಮನಾದ ನೆಲೆಯಲ್ಲಿ ನಿಲ್ಲಿಸುವುದು ಎಂಬ ಈ ಮಾತನ್ನು ನೆನಪಿನಲ್ಲಿಡಬೇಕೆಂದು ಕೇಳಿಕೊಳ್ಳುತ್ತೇನೆ. ಮೈಸೂರಿನ ಪೈಲ್ವಾನರ ಭಾಷೆಯಲ್ಲಿ ಇದಕ್ಕೆ ಜೋಡಿ ಕಟ್ಟುವುದು ಎಂದು ಹೆಸರು. ಇಂದಿಗೂ ದಸರಾ ಕುಸ್ತಿಗೆ ಮುಂಚೆ ಉಸ್ತಾದರೂ ಹಿರಿಯರೂ ಸೇರಿ, ಪೈಲ್ವಾನರನ್ನು ಎದುರು ಬದುರು ನಿಲ್ಲಿಸಿ, ಮೈಕಟ್ಟು, ತೂಕ, ಅನುಭವಗಳನ್ನು ನೋಡಿ, ಯಾರಿಗೆ ಯಾರು ಜೋಡಿಯೆಂದು ಗೊತ್ತುಮಾಡುತ್ತಾರೆ. ಜಟ್ಟಿಯ ಅರ್ಧ ಹಣೆಬರಹ ಅಲ್ಲಿಯೇ ಬರೆದುಹೋಗುತ್ತದೆ.

ವಿಜಯನಗರದ ಮಹಾನವಮಿಯನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣಕ್ಕೆ ತಂದರು; ಅಲ್ಲಿಂದ ಅದು ಮೈಸೂರಿಗೆ ಬಂತು. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ಅನೇಕರು ಕಂಡಿರಬಹುದು. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳುಗಳಿಗೆ ವಜ್ರಮುಷ್ಟಿಯನ್ನು ತೊಟ್ಟು ಎದುರಾಗುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿ ಮನೆತನಗಳು ಇದನ್ನು ತಲೆಮಾರಿನಿಂದ ತಲೆಮಾರಿಗೆ ನಡೆಸಿಕೊಂಡು ಬಂದಿವೆ. ಇಲ್ಲಿ ಹೋರಾಟ ನಿಜ, ರಕ್ತ ನಿಜ. ಆದರೂ ಈ ಕಾಳಗ ಯಾರನ್ನೂ ಜಗಜಟ್ಟಿಯನ್ನಾಗಿ ಮಾಡುವುದಿಲ್ಲ. ಮಾಡಬೇಕೆಂಬ ಉದ್ದೇಶವೂ ಅದಕ್ಕಿಲ್ಲ. ಅದು ಅರ್ಪಣೆ, ಅರ್ಪಿಸಿದವನ ಹೆಸರು ಅಲ್ಲಿ ಮುಖ್ಯವಲ್ಲ. ಕೀರ್ತಿಗೆ ಬರಿಯ ನಿಜವೊಂದೇ ಸಾಲದೆಂಬುದಕ್ಕೆ ಇದು ನಿದರ್ಶನ.

ಹಾಗಾದರೆ ಇನ್ನೇನು ಬೇಕು? ಕಂಠೀರವ ನರಸರಾಜ ಒಡೆಯರ ಕಥೆ ಇದಕ್ಕೆ ಒಂದು ಉತ್ತರವನ್ನು ಕೊಡುತ್ತದೆ. 1638ರಿಂದ 1659ರವರೆಗೆ ಆಳಿದ ಈ ಅರಸನ ಹೆಸರು ಕಂಠೀರಾಯಿ ಹಣದಲ್ಲಿ ಉಳಿದಿದೆ. ಬೆಂಗಳೂರಿನ ಕ್ರೀಡಾಂಗಣದಲ್ಲಿ ಉಳಿದಿದೆ. 1960ರಲ್ಲಿ ತೆರೆಕಂಡ, ರಾಜಕುಮಾರ್ ನಾಯಕರಾಗಿದ್ದ ‘ರಣಧೀರ ಕಂಠೀರವ’ ಚಿತ್ರದಿಂದ ಮನೆಮನೆಯ ಮಾತಾಗಿದೆ. ಪಟ್ಟವೇರುವ ಮೊದಲು ಆತ ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಹೆಸರಾಂತ ಜಟ್ಟಿಯನ್ನು ಕೊಂದು, ಬಹುಮಾನಕ್ಕೆ ಕಾಯದೆ ಹಿಂದಿರುಗಿದನೆಂದು ಐತಿಹ್ಯ. ಆ ಜಟ್ಟಿ ತನ್ನ ಚಲ್ಲಣವನ್ನು ಊರ ಬಾಗಿಲಿಗೆ ತೂಗುಹಾಕಿದ್ದನಂತೆ. ಊರೊಳಗೆ ಬರುವವರೆಲ್ಲ ಅದರ ಕೆಳಗೆ ತಲೆತಗ್ಗಿಸಿ ನಡೆಯಬೇಕು, ಇಲ್ಲವೇ ಅವನೊಡನೆ ಹೋರಬೇಕು. ಈ ಕಥೆಯಲ್ಲಿ ಎಷ್ಟು ಚರಿತ್ರೆ, ಎಷ್ಟು ಕಲ್ಪನೆ ಎಂಬ ಚರ್ಚೆ ಇರಲಿ. ಆ ತೂಗುಹಾಕಿದ ಚಲ್ಲಣವನ್ನು ಮಾತ್ರ ಗಮನಿಸಿ. ಅದೊಂದು ಬಹಿರಂಗ ಪ್ರಕಟಣೆ. ಕುಸ್ತಿಯನ್ನೇ ನೋಡದವನಿಗೂ ಕುಸ್ತಿಪಟುವಿನ ಹೆಸರನ್ನು ಮುಟ್ಟಿಸುವ ಉಪಾಯ. ತನ್ನ ಸವಾಲನ್ನು ಊರಿನ ಮಾನದ ಪ್ರಶ್ನೆಯಾಗಿ ಮಾಡಿದವನು ಜನರ ಮಾತಿನೊಳಗೆ ಹೊಕ್ಕನೆಂದೇ ಲೆಕ್ಕ.

ಜನರ ಮಾತಿನಲ್ಲಿ ಉಳಿದದ್ದು ಮಾತ್ರ ಆ ಜಟ್ಟಿಯ ಚಲ್ಲಣ. ಗೆದ್ದವನು ಮುಂದೆ ಅರಸನಾದ್ದರಿಂದ ಹೆಸರೆಲ್ಲ ಅವನದಾಯಿತು. ಇದಕ್ಕೆ ವಿರುದ್ಧವಾದ ಕಥೆ ನಮ್ಮ ಉಡುಪಿಯ ಕಡೆಯದು. ನಾರಾಯಣ ಪಂಡಿತಾಚಾರ್ಯರ ‘ಸುಮಧ್ವವಿಜಯ’ದಲ್ಲಿ ಗಂಡವಾಟನೆಂಬ ಬಲಶಾಲಿಯ ಪ್ರಸಂಗ ಬರುತ್ತದೆ. ಮೂವತ್ತು ಜನ ಎಳೆಯಬೇಕಾದ ದೇವಸ್ಥಾನದ ಧ್ವಜಸ್ತಂಭವನ್ನು ಒಬ್ಬನೇ ಹೊತ್ತವನು ಆತ. ಅವನೂ ಅವನ ಅಣ್ಣನೂ ಮಧ್ವಾಚಾರ್ಯರ ಕೊರಳನ್ನು ಒತ್ತಿ ಬಳಲಿದರು; ನೆಲಕ್ಕೂರಿದ ಅವರ ಬೆರಳನ್ನು ಕದಲಿಸಲಾರದೆ ಸೋತರು. ಕಾವ್ಯದ ಉದ್ದೇಶ ಆಚಾರ್ಯರ ಮಹಿಮೆಯನ್ನು ಹೇಳುವುದು. ಆದರೆ ಅದಕ್ಕಾಗಿ ಕವಿ ಮೊದಲು ಗಂಡವಾಟನ ಬಲವನ್ನು ಅಳೆದು ತೂಗಿ ಹೇಳಬೇಕಾಯಿತು. ಸೋತದ್ದರಿಂದಲೇ ಅವನ ಹೆಸರು ಏಳು ಶತಮಾನಗಳನ್ನು ದಾಟಿತು. ಎದುರಾಳಿ ದೊಡ್ಡವನಾಗದೆ ನಾಯಕ ದೊಡ್ಡವನಾಗಲಾರನೆಂಬುದು ನಮ್ಮ ಕವಿಗಳಿಗೆ ಚೆನ್ನಾಗಿ ಗೊತ್ತಿದ್ದ ಸಂಗತಿ. ರನ್ನನು ‘ಗದಾಯುದ್ಧ’ದಲ್ಲಿ ಸಾಹಸಭೀಮನನ್ನು ಹೊಗಳಲು ಹೊರಟು ದುರ್ಯೋಧನನನ್ನು ಯಾವ ಎತ್ತರಕ್ಕೆ ಒಯ್ದನೆಂಬುದನ್ನು ಸಾಹಿತ್ಯಾಸಕ್ತರಿಗೆ ನಾನು ವಿವರಿಸಬೇಕಾಗಿಲ್ಲ.

ಈ ಎಲ್ಲ ಲಕ್ಷಣಗಳೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಆತ ಗಾಮಾ ಪೈಲ್ವಾನ. 1878ರಲ್ಲಿ ಪಂಜಾಬಿನಲ್ಲಿ ಹುಟ್ಟಿದ ಗಾಮಾ ಅರಸರ ಅನ್ನದಲ್ಲಿ ಬೆಳೆದ ಹಳೆಯ ಮಾದರಿಯ ಜಟ್ಟಿ. 1910ರಲ್ಲಿ ಆತ ಲಂಡನ್ನಿಗೆ ಹೋದ. ಎತ್ತರ ಸಾಲದೆಂಬ ಕಾರಣದಿಂದ ಅಲ್ಲಿಯ ಪಂದ್ಯಾವಳಿಯಲ್ಲಿ ಮೊದಲು ಪ್ರವೇಶ ಸಿಗಲಿಲ್ಲವೆಂದು ಪ್ರಸಿದ್ಧಿ. ಆಗ ಆತನ ಕಡೆಯವರು ಸವಾಲು ಹಾಕಿದರು: ಯಾವ ತೂಕದವರೇ ಬರಲಿ, ಮೂವರು ಮಲ್ಲರನ್ನು ಮೂವತ್ತು ನಿಮಿಷಗಳಲ್ಲಿ ಕೆಡಹುತ್ತೇನೆ. ಇದು ತಿರುಚಿನಾಪಳ್ಳಿಯ ಚಲ್ಲಣವೇ. ತೂಗುಹಾಕಿದ್ದು ಮಾತ್ರ ಲಂಡನ್ನಿನ ಪತ್ರಿಕೆಗಳ ಬಾಗಿಲಿಗೆ. ಅಮೆರಿಕದ ಬೆಂಜಮಿನ್ ರೋಲರ್ ಎದುರಾಗಿ ಸೋತ. ಸೆಪ್ಟೆಂಬರ್ 10ರಂದು ಪೋಲೆಂಡಿನ ಸ್ಟಾನಿಸ್ಲಾಸ್ ಜ್ಬಿಸ್ಕೋ ಎದುರಾದ. ಎರಡೂವರೆ ಗಂಟೆಗೂ ಹೆಚ್ಚು ಕಾಲ ನಡೆದ ಆ ಕುಸ್ತಿಯಲ್ಲಿ ಜ್ಬಿಸ್ಕೋ ಬಹುಪಾಲು ಹೊತ್ತನ್ನು ನೆಲಕ್ಕೆ ಅಂಟಿಕೊಂಡು, ಮೇಲೇಳದೆ ಕಳೆದ. ಕುಸ್ತಿ ಸಮವೆಂದು ತೀರ್ಪಾಯಿತು. ಒಂದು ವಾರದ ಮೇಲೆ ಮತ್ತೆ ಹೋರಬೇಕೆಂದು ಗೊತ್ತಾಗಿತ್ತು. ಆ ದಿನ ಜ್ಬಿಸ್ಕೋ ಬರಲೇ ಇಲ್ಲ. ಪದಕಪಟ್ಟಿ ಗಾಮಾನದಾಯಿತು.

ತೂಗಿ ನೋಡಿದರೆ ಗಾಮಾನ ಲಂಡನ್ನಿನ ಗೆಲುವಿನಲ್ಲಿ ಮುಖ್ಯ ಕುಸ್ತಿ ಸಮವಾದದ್ದು, ಎರಡನೆಯದು ನಡೆಯದೆ ಹೋದದ್ದು. ಆದರೂ ಆತ ಜಗಜಟ್ಟಿಯಾದ. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಜನಕ್ಕೆ, ಬಿಳಿಯರ ರಾಜಧಾನಿಯಲ್ಲಿ ನಮ್ಮವನೊಬ್ಬ ಕಣದ ನಡುವೆ ನಿಂತು ಕಾಯುತ್ತಿದ್ದಾನೆ, ಎದುರಾಳಿ ಬರಲಿಲ್ಲ ಎಂಬ ಚಿತ್ರವೇ ಸಾಕಾಯಿತು. ಸ್ವದೇಶಿ ಚಳವಳಿಯ ಬಿಸಿ ಆರಿರದ ದಿನಗಳವು. ಗಾಮಾನ ದೇಹದಲ್ಲಿ ಜನ ತಮ್ಮ ದೇಹವನ್ನು ಕಂಡುಕೊಂಡರು. ಭೂಲೋಕಮಲ್ಲನ ಪಟ್ಟಿಯಲ್ಲಿ ಇಲ್ಲದ ಲಕ್ಷಣವಿದು: ನೋಡುವವನು ತನ್ನ ಪಾಲಿನ ಹೋರಾಟವನ್ನು ಜಟ್ಟಿಯ ಕೈಗೆ ಒಪ್ಪಿಸಬೇಕು, ಜಟ್ಟಿ ಅದನ್ನು ಹೊರಬಲ್ಲವನಾಗಿರಬೇಕು.

ಅದೇ ಕಾಲಕ್ಕೆ ಸಮುದ್ರದ ಆಚೆ ಕುಸ್ತಿ ಬೇರೆ ದಾರಿ ಹಿಡಿದಿತ್ತು. ಅಮೆರಿಕದಲ್ಲಿ ಕುಸ್ತಿಯ ಅನ್ನದಾತ ಅರಸನಲ್ಲ, ಚೀಟಿ ಕೊಂಡು ಬರುವ ಪ್ರೇಕ್ಷಕ. ನಿಜವಾದ ಕುಸ್ತಿ ಕೆಲವೊಮ್ಮೆ ಗಂಟೆಗಟ್ಟಲೆ ನಡೆದು ಏನೂ ಆಗದೆ ಮುಗಿಯುತ್ತದೆ. ಹಣ ಕೊಟ್ಟವನಿಗೆ ಅದು ಬೇಸರ. 1920ರ ದಶಕದಲ್ಲಿ ಎಡ್ ಲೂಯಿಸ್ ಎಂಬ ಮಹಾಮಲ್ಲ, ಅವನ ವ್ಯವಸ್ಥಾಪಕ ಬಿಲ್ಲಿ ಸ್ಯಾಂಡೋ, ಟೂಟ್ಸ್ ಮಾಂಟ್ ಎಂಬ ಮೂವರು ಸೇರಿ ಕುಸ್ತಿಯನ್ನು ಚುರುಕಾದ ಪ್ರದರ್ಶನವನ್ನಾಗಿ ಮಾರ್ಪಡಿಸಿದರು. ಫಲಿತಾಂಶ ಮೊದಲೇ ನಿಶ್ಚಯ. ಹಾಗಾದ ಮೇಲೆ ಅವರಿಗೆ ಒಂದು ಯೋಚನೆ ಹೊಳೆಯಿತು. ಗೆಲುವು ನಮ್ಮ ಕೈಯಲ್ಲೇ ಇರುವಾಗ ಗೆಲ್ಲುವವನಿಗೆ ಕುಸ್ತಿ ಬರಲೇಬೇಕೆ? ವೇಯ್ನ್ ಮನ್ ಎಂಬ ಎತ್ತರದ, ಸುಂದರ ಮೈಕಟ್ಟಿನ, ಹೆಸರಾಂತ ಫುಟ್‌ಬಾಲ್ ಆಟಗಾರನನ್ನು ಅವರು ಕರೆತಂದರು. 1925ರ ಜನವರಿ 8ರಂದು ಕಾನ್ಸಾಸ್ ನಗರದಲ್ಲಿ ಲೂಯಿಸ್ ಅವನಿಗೆ ಸೋತುಕೊಟ್ಟ. ಜಗಜಟ್ಟಿಯೊಬ್ಬನನ್ನು ಹೀಗೆ ಕಾರ್ಖಾನೆಯಲ್ಲಿ ತಯಾರು ಮಾಡಿದಂತಾಯಿತು.

ಆ ವೈಭವ ಮೂರು ತಿಂಗಳು ಬಾಳಿತು. ಏಪ್ರಿಲ್ 15ರಂದು ಫಿಲಡೆಲ್ಫಿಯದಲ್ಲಿ ಮನ್‌ಗೆ ಸೋಲಬೇಕೆಂದು ಗೊತ್ತುಮಾಡಿದ್ದ ಎದುರಾಳಿ ಬೇರಾರೂ ಅಲ್ಲ, ಹದಿನೈದು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಗಾಮಾನ ಎದುರು ನೆಲಕ್ಕಂಟಿಕೊಂಡ ಅದೇ ಜ್ಬಿಸ್ಕೋ. ಆಗ ಅವನಿಗೆ ವಯಸ್ಸು 46. ಪ್ರತಿಸ್ಪರ್ಧಿ ಗುಂಪಿನವರೊಡನೆ ಒಳಗೊಳಗೇ ಒಪ್ಪಂದ ಮಾಡಿಕೊಂಡಿದ್ದ ಆತ ಸೋಲಲಿಲ್ಲ, ನಿಜವಾಗಿಯೇ ಕುಸ್ತಿಗಿಳಿದ. ಮನ್‌ನನ್ನು ಮತ್ತೆ ಮತ್ತೆ ನೆಲಕ್ಕೊತ್ತಿದ. ಕುಸ್ತಿ ಬಾರದ ಜಗಜಟ್ಟಿಗೆ ಮಾಡುವುದೇನೂ ತೋಚಲಿಲ್ಲ. ಜ್ಬಿಸ್ಕೋ ಮಾಡಿದ್ದು ಧರ್ಮವೆಂದು ನಾನು ಹೇಳಲಾರೆ. ಅದೂ ಒಂದು ವ್ಯಾಪಾರವೇ ಆಗಿತ್ತು. ಆದರೆ ಅದರಿಂದ ಒಂದು ಸತ್ಯ ಹೊರಬಿತ್ತು. ನಾಟಕದಲ್ಲಿ ಅರಸನಾಗುವವನಿಗೆ ರಾಜ್ಯ ಬೇಕಿಲ್ಲ. ಕುಸ್ತಿಯ ನಾಟಕದಲ್ಲಿ ಜಟ್ಟಿಯಾಗುವವನಿಗೆ ಕುಸ್ತಿ ಬೇಕು. ಎದುರಾಳಿ ಪಾಠವನ್ನು ಮರೆತ ಗಳಿಗೆಯಲ್ಲಿ ನಿಲ್ಲುವುದು ಅದೊಂದೇ. ಮುಂದೆ 1928ರ ಜನವರಿಯಲ್ಲಿ ಪಟಿಯಾಲದ ಮಹಾರಾಜರ ಆಶ್ರಯದಲ್ಲಿ, ಸಾವಿರಾರು ಜನರ ಎದುರು, ಇದೇ ಜ್ಬಿಸ್ಕೋ ಗಾಮಾನೊಡನೆ ಮತ್ತೆ ನಿಂತ. ಒಂದು ನಿಮಿಷ ತುಂಬುವುದರೊಳಗೆ ಅವನ ಬೆನ್ನು ಮಣ್ಣು ಮುಟ್ಟಿತು. ಲಂಡನ್ನಿನ ಬಾಕಿ ಹದಿನೆಂಟು ವರ್ಷಗಳ ಮೇಲೆ ತೀರಿತು.

ನಮ್ಮ ದೇಶದಲ್ಲಿ ಅನ್ನದಾತ ಬದಲಾದದ್ದು 1947ರ ಅನಂತರ. ಸಂಸ್ಥಾನಗಳು ಹೋದವು, ಪೈಲ್ವಾನನಿಗೆ ಹಾಲು ಬಾದಾಮಿಗಳನ್ನು ಕೊಡುತ್ತಿದ್ದ ಅರಮನೆಗಳ ಬಾಗಿಲು ಮುಚ್ಚಿತು. ಕರಾವಳಿಯವರಿಗೆ ಈ ಬದಲಾವಣೆ ಸುಲಭವಾಗಿ ಅರ್ಥವಾಗುತ್ತದೆ. ದೇವಸ್ಥಾನದ ಆಶ್ರಯದ ಬಯಲಾಟದ ಪಕ್ಕದಲ್ಲಿ ಚೀಟಿಯ ಡೇರೆ ಮೇಳಗಳು ಎದ್ದು ನಿಂತದ್ದು ಹೆಚ್ಚುಕಡಿಮೆ ಇದೇ ಕಾಲದಲ್ಲಿ. ಚೀಟಿ ಬಂದಾಗ ತಾರೆ ಬೇಕಾಯಿತು. ಇಂಥವರ ವೇಷವಿದೆಯೆಂದು ಕರಪತ್ರ ಹಂಚಬೇಕಾಯಿತು. ಕುಸ್ತಿಗೂ ಹಾಗೆಯೇ ಫ್ರೀಸ್ಟೈಲ್ ದಂಗಲ್ ಬಂತು. ಹಗ್ಗ ಕಟ್ಟಿದ ಚೌಕ, ದೀಪಗಳ ಬೆಳಕು, ಪರದೇಶದ ಪೈಲ್ವಾನರು, ಭಿತ್ತಿಪತ್ರಗಳು. ಹಳೆಯ ಉಸ್ತಾದರಿಗೆ ಇದು ಸೇರಲಿಲ್ಲ. ಗರಡಿಯ ವಿದ್ಯೆಗೆ ಅವಮಾನವೆಂದೇ ಅವರು ಬಗೆದರು. ಜನ ಮಾತ್ರ ಕಿಕ್ಕಿರಿದು ನೆರೆದರು.

ಆ ದಿನಗಳ ಎರಡು ಹೆಸರುಗಳು ಕನ್ನಡದ ಪೇಟೆ ಹಳ್ಳಿಗಳಲ್ಲಿಯೂ ನಾಣ್ನುಡಿಗಳಾದವು. ಒಂದು ದಾರಾಸಿಂಗ್, ಇನ್ನೊಂದು ಕಿಂಗ್‌ಕಾಂಗ್. ಸಣಕಲು ಹುಡುಗ ಜಗಳಕ್ಕೆ ಬಂದರೆ, ನೀನೇನು ದಾರಾಸಿಂಗನೋ ಎಂದು ಕೇಳುವುದು ನಮ್ಮ ಬೀದಿಗಳಲ್ಲಿ ವಾಡಿಕೆಯಾಗಿತ್ತು. ಕುಸ್ತಿಯ ಕಣವನ್ನೇ ಕಾಣದವರೂ ಕೇಳುತ್ತಿದ್ದರು. ಕಿಂಗ್‌ಕಾಂಗ್ ಎಂಬುದು ಹಂಗೆರಿ ಮೂಲದ ಎಮಿಲ್ ಚಾಯಾ ಎಂಬಾತ ಇಟ್ಟುಕೊಂಡ ಹೆಸರು. ಬೆಟ್ಟದಂಥ ದೇಹ, ಕುರುಚಲು ಗಡ್ಡ, ಪ್ರೇಕ್ಷಕರನ್ನು ಕೆಣಕುವ ಗರ್ಜನೆ. ಜನ ಅವನನ್ನು ಬೈಯಲೆಂದೇ ಹಣ ಕೊಟ್ಟು ಬರುತ್ತಿದ್ದರು. ಅವನ ಎದುರು ನಿಂತದ್ದರಿಂದಲೇ ಪಂಜಾಬಿನ ರೈತ ಹುಡುಗನೊಬ್ಬ ಭೀಮನಾಗಿ ಕಂಡ. ದಾರಾಸಿಂಗ್ 1959ರಲ್ಲಿ ಕಲ್ಕತ್ತೆಯಲ್ಲಿ ಜಾರ್ಜ್ ಗೋರ್ಡಿಯೆಂಕೊ ಎಂಬ ಕೆನಡಾದ ಮಲ್ಲನನ್ನು ಕೆಡಹಿ ಕಾಮನ್‌ವೆಲ್ತ್ ಪ್ರಶಸ್ತಿಯನ್ನು ಪಡೆದ. 1968ರ ಮೇ 29ರಂದು ಮುಂಬಯಿಯಲ್ಲಿ ಅಮೆರಿಕದ ಲೂ ಥೆಸ್‌ನನ್ನು ಸೋಲಿಸಿ ಜಗಜಟ್ಟಿಯೆನಿಸಿದ. 1983ರಲ್ಲಿ ಕಣದಿಂದ ನಿವೃತ್ತನಾದ. 1987ರಲ್ಲಿ ದೂರದರ್ಶನದ ರಾಮಾಯಣದಲ್ಲಿ ಹನುಮಂತನಾದಾಗ ಯಾರಿಗೂ ಅದು ವೇಷವೆಂದು ತೋರಲಿಲ್ಲ. ಗರಡಿಯ ಮೂಲೆಯ ಪಟದಲ್ಲಿದ್ದ ದೇವರು ಆ ಮೈಯೊಳಗೆ ಬಂದು ನಿಂತಂತಿತ್ತು. ಕಿಂಗ್‌ಕಾಂಗ್ 1970ರಲ್ಲಿ ಸಿಂಗಪುರದಲ್ಲಿ, ದಾರಾಸಿಂಗ್ 2012ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಒಬ್ಬನ ಹೆಸರೆತ್ತಿದರೆ ಇನ್ನೊಬ್ಬನದು ತಾನಾಗಿ ಬರುತ್ತದೆ. ಅವರದು ಜೋಡಿ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಇವೆಲ್ಲ ಮೊದಲೇ ನಿಶ್ಚಯಿಸಿದ ಕುಸ್ತಿಗಳಲ್ಲವೇ, ಮೋಸಕ್ಕೆ ಇಷ್ಟು ಗೌರವವೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. 1989ರಲ್ಲಿ ಅಮೆರಿಕದ ಅತ್ಯಂತ ದೊಡ್ಡ ಕುಸ್ತಿ ಸಂಸ್ಥೆಯವರು ನ್ಯೂಜೆರ್ಸಿಯ 
ಶಾಸನಸಭೆಯ ಮುಂದೆ ತಮ್ಮದು ಸ್ಪರ್ಧೆಯಲ್ಲ, ಮನರಂಜನೆ ಎಂದು ತಾವಾಗಿ ಒಪ್ಪಿಕೊಂಡರು. ಸ್ಪರ್ಧೆಯೆಂದರೆ ತೆರಿಗೆಯೂ ಕಟ್ಟಳೆಗಳೂ ಹೆಚ್ಚು. ಆ ಗುಟ್ಟು ಬಯಲಾದ ಮೇಲೆ ಪ್ರೇಕ್ಷಕರು ಕಡಮೆಯಾಗಲಿಲ್ಲವೆಂಬುದು ಗಮನಾರ್ಹ. ನಮ್ಮಲ್ಲೇ 1990ರ ದಶಕದಲ್ಲಿ ಕೇಬಲ್ ದೂರದರ್ಶನ ಬಂದಾಗ ಶಾಲೆಯ ಮಕ್ಕಳು ಆ ಮಲ್ಲರ ಚಿತ್ರಗಳ ಇಸ್ಪೀಟೆಲೆಗಳನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಫ್ರಾನ್ಸಿನ ವಿಮರ್ಶಕ ರೋಲಾಂ ಬಾರ್ತ್ 1957ರ ತನ್ನ ‘ಮಿಥಾಲಜೀಸ್’ ಗ್ರಂಥವನ್ನು ಕುಸ್ತಿಯ ಕುರಿತ ಪ್ರಬಂಧದಿಂದಲೇ ಆರಂಭಿಸಿದ್ದಾನೆ. ಅದು ಕ್ರೀಡೆಯಲ್ಲ, ದೃಶ್ಯ. ನೋವು, ಸೋಲು, ನ್ಯಾಯಗಳು ಕಣ್ಣಿಗೆ ಕಾಣುವಂತೆ ಆಡಿ ತೋರಿಸುವ ಕಲೆ ಎಂಬುದು ಅವನ ವಾದ.

ಈ ವಾದವನ್ನು ತಿಳಿಯಲು ನಮಗೆ ಪ್ಯಾರಿಸಿನ ನೆರವು ಬೇಕಿಲ್ಲ. ಕೀಚಕವಧೆಯ ಆಟಕ್ಕೆ ಹೋಗುವವನಿಗೆ ಬೆಳಗಾಗುವುದರೊಳಗೆ ಕೀಚಕ ಸಾಯುತ್ತಾನೆಂಬುದು ಗೊತ್ತಿರುತ್ತದೆ. ವ್ಯಾಸರು ಫಲಿತಾಂಶವನ್ನು ಯಾವ ಕಾಲಕ್ಕೋ ನಿಶ್ಚಯಿಸಿಬಿಟ್ಟಿದ್ದಾರೆ. ಆದರೂ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ನೋಡಲು ಜನ ಗದ್ದೆ ಬಯಲುಗಳನ್ನು ದಾಟಿ ಬರುತ್ತಿದ್ದರು. ಪ್ರತಿ ರಾತ್ರಿ ಸೋಲುವ, ಪ್ರತಿ ರಾತ್ರಿ ಸಾಯುವ ಪಾತ್ರವೇ ಆ ಆಟದ ತಾರೆ. 2012ರಲ್ಲಿ ಪದ್ಮಶ್ರೀ ಪಡೆದು, 2017ರಲ್ಲಿ ಅಗಲಿದ ಆ ಕಲಾವಿದರನ್ನು ಯಾರಾದರೂ ಮೋಸಗಾರರೆಂದು ಕರೆದದ್ದುಂಟೇ? ಫಲಿತಾಂಶ ಮೊದಲೇ ಗೊತ್ತಿರುವುದರಿಂದ ಕಲೆ ಸುಳ್ಳಾಗುವುದಿಲ್ಲ. ಕುಣಿತ ಸುಳ್ಳಾದರೆ, ಶ್ರುತಿ ಸುಳ್ಳಾದರೆ, ಆಗ ಕಲೆ ಸುಳ್ಳಾಗುತ್ತದೆ.

ಉಡುಪಿಯ ಹುಲಿವೇಷವನ್ನು ನೋಡಿದವರಿಗೆ ಇದನ್ನು ಇನ್ನೂ ಸ್ಪಷ್ಟವಾಗಿ ಹೇಳಬಹುದು. ಅಷ್ಟಮಿಯ ಮರುದಿನ ಬೀದಿಯಲ್ಲಿ ಕುಣಿಯುವವನು ಹುಲಿಯಲ್ಲವೆಂಬುದು ಕಂಕುಳ ಕೂಸಿಗೂ ಗೊತ್ತು. ಮೈಗೆ ಬಳಿದದ್ದು ಬಣ್ಣ, ಬಾಲ ಬಟ್ಟೆಯದು. ಆದರೆ ಆ ಹುಲಿ ಬಗ್ಗಿ, ಸುಮಾರು 40 ಕಿಲೋ ತೂಕದ ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ, ತಲೆಯ ಮೇಲಿನಿಂದ ಹಿಂದಕ್ಕೆ ಎಸೆಯುವಾಗ ಆ ಮುಡಿ ನಿಜ, ಆ ಹಲ್ಲು ನಿಜ, ಆ ಕತ್ತು ನಿಜ. ವೇಷದ ನಡುವೆ ಅಂಥ ಒಂದು ನಿಜ ಇದ್ದರೆ ಜನ ಉಳಿದ ಬಣ್ಣವನ್ನೆಲ್ಲ ಒಪ್ಪಿಕೊಳ್ಳುತ್ತಾರೆ. ವೇಯ್ನ್ ಮನ್ ಎತ್ತಿದ ಮುಡಿಯೊಳಗೆ ಅಕ್ಕಿ ಇರಲಿಲ್ಲ. ದಾರಾಸಿಂಗನ ಮುಡಿಯಲ್ಲಿ ಇತ್ತು. ಅವನು ಸೋಲಿಸಿದ ಲೂ ಥೆಸ್ ನಿಜವಾದ ಪಟ್ಟುಗಳಲ್ಲಿ ತನ್ನ ಕಾಲದ ಪ್ರಬಲನೆಂದು ಹೆಸರಾದವನು. ಅಂಥವನ ಎದುರು ಜಟ್ಟಿಯಂತೆ ಕಾಣಬೇಕಾದರೆ ಜಟ್ಟಿಯೇ ಆಗಿರಬೇಕಿತ್ತು. ನಾಟಕವನ್ನು ಸ್ಪರ್ಧೆಯೆಂದು ಹೇಳಿ ಜನರಿಂದ ಪಣ ಕಟ್ಟಿಸಿಕೊಂಡರೆ ಅದು ವಂಚನೆ. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆಡಿ ತೋರಿಸುವುದೇ ವಂಚನೆಯೆಂದರೆ ಅರ್ಧ ಸಂಸ್ಕೃತಿಯನ್ನು ಕಳೆದುಕೊಳ್ಳಬೇಕಾದೀತು.

ಇಷ್ಟಕ್ಕೂ ಕುಸ್ತಿಯ ನಾಟಕದಲ್ಲಿ ಬೀಳುವವನ ಬೆನ್ನು ನಿಜವಾಗಿಯೇ ನೆಲಕ್ಕೆ ಬಡಿಯುತ್ತದೆ. ಕಣದಲ್ಲಿ ಎದುರಾಳಿಯನ್ನು ತಲೆಯ ಮೇಲೆತ್ತಿದವನ ಕೈಯಲ್ಲಿ ಆ ಗಳಿಗೆ ಒಬ್ಬ ಮನುಷ್ಯನ ಬೆನ್ನುಮೂಳೆ ಇರುತ್ತದೆ. ಅದನ್ನು ಮುರಿಯದೆ, ಆದರೆ ಮುರಿದಂತೆ ಜನ ಉಸಿರು ಬಿಗಿಹಿಡಿಯುವ ಹಾಗೆ ಇಳಿಸುವುದು ದೊಡ್ಡ ವಿದ್ಯೆ. ಎದುರಾಳಿಯ ಮೈಯನ್ನು ಕಾಯುತ್ತಲೇ ಅವನನ್ನು ಕೆಡಹಬಲ್ಲವನನ್ನು ಆ ವೃತ್ತಿಯ ಒಳಗಿನವರು ದೊಡ್ಡವನೆಂದು ಒಪ್ಪುತ್ತಾರೆ. ಇದೂ ಜೋಡಿಯ ಧರ್ಮವೇ.

ಕೊನೆಯ ಮಾತು ಕೀರ್ತಿಯ ವಿನಿಯೋಗದ್ದು. ಜಟ್ಟಿಯ ಬಲಕ್ಕೆ ಆಯುಷ್ಯ ಕಡಮೆ. ಮೈಸೂರಿನ ಗರಡಿಯಿಂದ ಬಂದ ಎಂ. ಪಿ. ಶಂಕರ್ ಅವರು ಆ ಮೈಕಟ್ಟನ್ನು ಚಲನಚಿತ್ರಕ್ಕೆ ತಂದು, ‘ಸತ್ಯ ಹರಿಶ್ಚಂದ್ರ’ದ ವೀರಬಾಹುವಾಗಿ, 1973ರ ‘ಗಂಧದ ಗುಡಿ’ಯ ನಿರ್ಮಾಪಕರಾಗಿ ಎರಡನೆಯ ಬಾಳನ್ನು ಕಟ್ಟಿಕೊಂಡರು. ಅಂಥ ಭಾಗ್ಯ ಎಲ್ಲರದಲ್ಲ. ಸ್ವತಃ ಗಾಮಾ ಲಾಹೋರಿನಲ್ಲಿ ಕೊನೆಯ ವರ್ಷಗಳನ್ನು ರೋಗದಲ್ಲಿ, ಹಣದ ಮುಗ್ಗಟ್ಟಿನಲ್ಲಿ ಕಳೆದು 1960ರಲ್ಲಿ ತೀರಿಕೊಂಡ. ಗಡಿಯ ಈಚೆಯಿಂದ ಉದ್ಯಮಿ ಘನಶ್ಯಾಮದಾಸ ಬಿರ್ಲಾ ನೆರವು ಕಳುಹಿಸಿದ್ದರು. ಆದರೆ ಅದಕ್ಕೂ ಮೊದಲು, ದೇಶ ಒಡೆದ 1947ರಲ್ಲಿ, ಗಾಮಾ ತನ್ನ ಬೀದಿಯ ಹಿಂದೂ ಕುಟುಂಬಗಳಿಗೂ ಹೊಡೆಯಬಂದ ಗುಂಪಿಗೂ ನಡುವೆ ನಿಂತನೆಂದು ಅವನ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಆಗ ಅವನ ವಯಸ್ಸು 70ರ ಹತ್ತಿರ. ಆ ವಯಸ್ಸಿನಲ್ಲಿ ಗುಂಪನ್ನು ತಡೆದದ್ದು ತೋಳಿನ ಬಲವೊಂದೇ ಅಲ್ಲ; ಗಾಮಾ ಎಂಬ ಹೆಸರು. ಮೂವತ್ತೇಳು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಕೂಡಿಟ್ಟದ್ದನ್ನು ಆತ ಅಂದು ನೆರೆಯವರಿಗಾಗಿ ಖರ್ಚು ಮಾಡಿದ.

ಈಗಲೂ ಮೈಸೂರಿನ ದೊಡ್ಡಕೆರೆ ಮೈದಾನದಲ್ಲಿರುವ ದೇವರಾಜ ಅರಸು ಕ್ರೀಡಾಂಗಣದಲ್ಲಿ ದಸರೆಯ ಕುಸ್ತಿಗಳು ನಡೆಯುತ್ತವೆ. ದಸರಾ ಕೇಸರಿ, ದಸರಾ ಕಂಠೀರವ ಎಂಬ ಬಿರುದುಗಳಿವೆ, ಹೆಣ್ಣುಮಕ್ಕಳೂ ಕಣಕ್ಕಿಳಿಯುತ್ತಾರೆ. ಗರಡಿಗಳ ಸಂಖ್ಯೆ ಕುಗ್ಗಿದೆ, ಮಣ್ಣಿನ ಜಾಗಕ್ಕೆ ಮೆತ್ತೆ ಬಂದಿದೆ. ಬಿರುದುಗಳನ್ನು ಸಮಿತಿಯವರು ಕೊಡಬಲ್ಲರು. ಜಗಜಟ್ಟಿ ಎಂಬುದನ್ನು ಮಾತ್ರ ಜನರೇ ಕೊಡಬೇಕು. ಅದಕ್ಕೆ ಅವರು ನೋಡುವ ಲಕ್ಷಣಗಳು ಇವು: ಮೈಯಲ್ಲಿ ನಿಜವಾದ ವಿದ್ಯೆ, ಊರಿಗೆಲ್ಲ ಕೇಳುವ ಸವಾಲು, ತನ್ನಷ್ಟೇ ದೊಡ್ಡವನಾದ ಎದುರಾಳಿ, ನೋಡುವವರ ಆಸೆಯನ್ನು ಹೊರುವ ಹೆಗಲು. ಇವು ನಾಲ್ಕೂ ಇದ್ದವನು ತಾರೆಯಾಗುತ್ತಾನೆ. ಐದನೆಯದೊಂದಿದೆ, ಅದು ಕಣದಿಂದ ಇಳಿದ ಮೇಲಿನದು. ಜನ ಕೊಟ್ಟ ಹೆಸರನ್ನು ಜನರಿಗಾಗಿ ಬಳಸಿದವನನ್ನು ಊರು ಮರೆಯುವುದಿಲ್ಲ. ತುಳುನಾಡಿನಲ್ಲಿ ಅಂಥವರ ಗರಡಿಯಲ್ಲಿ ಇಂದಿಗೂ ದೀಪ ಹಚ್ಚುತ್ತಾರೆ.